ತಂಗುದಾಣಗಳಲ್ಲಿ ವಿದ್ಯುತ್ ವಾಹನ ಚಾರ್ಜಿಂಗ್

ತಂಗುದಾಣಗಳಲ್ಲಿ ವಿದ್ಯುತ್ ವಾಹನ ಚಾರ್ಜಿಂಗ್ ಎಂದರೆ ಪ್ರವಾಸಿಗರು ರಾತ್ರಿ ತಂಗುವ ಶಿಬಿರ, ಹೋಂಸ್ಟೇ, ವಸತಿಗೃಹ, ಯಾತ್ರಿ ನಿವಾಸ, ತೋಟದ ಮನೆ ಮುಂತಾದ ಸ್ಥಳಗಳಲ್ಲಿ ತಮ್ಮ ವಿದ್ಯುತ್ ಚಾಲಿತ ಕಾರು ಅಥವಾ ದ್ವಿಚಕ್ರ ವಾಹನದ ಬ್ಯಾಟರಿಗೆ ವಿದ್ಯುತ್ ತುಂಬಿಸಿಕೊಳ್ಳುವ ಕ್ರಮ. ಹೆದ್ದಾರಿ ಬದಿಯ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ವಾಹನವು ವಿದ್ಯುತ್ತಿಗಾಗಿಯೇ ನಿಲ್ಲುತ್ತದೆ. ತಂಗುದಾಣದಲ್ಲಾದರೋ ವಾಹನವು ಹೇಗೂ ನಿಂತಿರುವ ಎಂಟು ಹತ್ತು ಗಂಟೆಗಳ ಅವಧಿಯನ್ನೇ ಬಳಸಿಕೊಳ್ಳಲಾಗುತ್ತದೆ. ಆದ್ದರಿಂದ ಇದಕ್ಕೆ ದುಬಾರಿ ಯಂತ್ರಗಳ ಅಗತ್ಯವಿಲ್ಲ. ಸರಿಯಾಗಿ ಅಳವಡಿಸಿದ 16 ಆಂಪಿಯರ್‌ನ ಮೂರು ಪಿನ್ನಿನ ಸಾಕೆಟ್ ಒಂದಿದ್ದರೂ ಕೆಲಸ ನಡೆಯುತ್ತದೆ.

ಆದರೆ ಸಾಕೆಟ್ ಇರುವುದು ಬೇರೆ, ಅದು ರಾತ್ರಿಯಿಡೀ ಪೂರ್ಣ ಹೊರೆಯನ್ನು ತಾಳಿಕೊಳ್ಳುವುದು ಬೇರೆ. ಭೂಸಂಪರ್ಕ (ಅರ್ಥಿಂಗ್), ತಂತಿಯ ದಪ್ಪ, ಕಟ್ಟಡಕ್ಕೆ ಮಂಜೂರಾದ ವಿದ್ಯುತ್ ಹೊರೆ ಮತ್ತು ವಿದ್ಯುತ್ ಸಂಪರ್ಕದ ದರವರ್ಗ ಎಂಬ ನಾಲ್ಕು ಸಂಗತಿಗಳು ಈ ವ್ಯವಸ್ಥೆಯ ಸುರಕ್ಷತೆಯನ್ನೂ ಕಾನೂನುಬದ್ಧತೆಯನ್ನೂ ನಿರ್ಧರಿಸುತ್ತವೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶಗಳಲ್ಲಿ ಈ ಸಂಗತಿಗಳಿಗೆ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಪ್ರಯಾಣಿಕರ ಜೊತೆಗೆ ಅವರ ವಾಹನಕ್ಕೂ ರಾತ್ರಿ ಆಸರೆ ಒದಗಿಸುವುದು ಹಳೆಯ ಪದ್ಧತಿ. ಚಕ್ಕಡಿ ಮತ್ತು ಕುದುರೆಗಾಡಿಗಳ ಕಾಲದಲ್ಲಿ ಛತ್ರ, ಧರ್ಮಶಾಲೆ, ಮುಸಾಫಿರಖಾನೆಗಳ ಬಳಿ ಎತ್ತು ಕುದುರೆಗಳಿಗೆ ನೀರು, ಮೇವು, ನೆರಳು ದೊರೆಯುತ್ತಿದ್ದವು. ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳು ಬಂದ ಮೇಲೆ ಇಂಧನ ತುಂಬಿಸುವ ಸ್ಥಳವೂ ತಂಗುವ ಸ್ಥಳವೂ ಬೇರೆ ಬೇರೆಯಾದವು. ವಿದ್ಯುತ್ ವಾಹನಗಳು ಅವೆರಡನ್ನೂ ಮತ್ತೆ ಒಂದೇ ಕಡೆಗೆ ತಂದಿವೆ.

ಭಾರತದಲ್ಲಿ ಸಾಮಾನ್ಯ ಸಾಕೆಟ್‌ನಿಂದ ಕಾರು ಚಾರ್ಜ್ ಮಾಡುವ ರೂಢಿಗೆ ಬೆಂಗಳೂರಿನೊಂದಿಗೆ ಹತ್ತಿರದ ನಂಟಿದೆ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರನ್ನು ಮನೆಯ 15 ಆಂಪಿಯರ್ ಸಾಕೆಟ್‌ಗೆ ಜೋಡಿಸಿ ಚಾರ್ಜ್ ಮಾಡಬಹುದಾಗಿತ್ತು. ಸೀಸ-ಆಮ್ಲ ಬ್ಯಾಟರಿಯ ಆ ಪುಟ್ಟ ಕಾರು ನಗರದೊಳಗಿನ ಓಡಾಟಕ್ಕೆ ಮೀಸಲಾಗಿತ್ತು. ಲಿಥಿಯಂ ಅಯಾನ್ ಬ್ಯಾಟರಿಯ ಕಾರುಗಳು ಬಂದ ಮೇಲೆ ಊರಿಂದೂರಿಗೆ ಹೋಗುವ ಪ್ರವಾಸ ಸಾಧ್ಯವಾಯಿತು. ಅದರೊಂದಿಗೆ ತಂಗುವ ಊರಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂಬ ಅಗತ್ಯವೂ ಹುಟ್ಟಿತು.

ಚಾರ್ಜಿಂಗ್ ವಿಧಾನಗಳು

ತಂಗುದಾಣಗಳಲ್ಲಿ ಕಂಡುಬರುವ ಚಾರ್ಜಿಂಗ್ ವಿಧಾನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಸಾಧಾರಣ ಸಾಕೆಟ್: ಆಡುಮಾತಿನಲ್ಲಿ ಪವರ್ ಪ್ಲಗ್ ಎಂದು ಕರೆಯಲಾಗುವ 16 ಆಂಪಿಯರ್ ಸಾಕೆಟ್‌ಗೆ ಕಾರಿನೊಂದಿಗೆ ಬರುವ ಸಂಚಾರಿ ಚಾರ್ಜರನ್ನು ಜೋಡಿಸಲಾಗುತ್ತದೆ. ಭಾರತದ ಗೃಹಬಳಕೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಚಾರ್ಜರ್ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್, 15 ಆಂಪಿಯರ್‌ಗೆ ಸಮೀಪ ಎಳೆದರೆ ಸುಮಾರು 3.3 ಕಿಲೋವ್ಯಾಟ್ ದೊರೆಯುತ್ತದೆ. ವಿದ್ಯುತ್ ಸ್ಕೂಟರುಗಳು ಇದಕ್ಕಿಂತ ಬಹಳ ಕಡಿಮೆ ವಿದ್ಯುತ್ತನ್ನು ಎಳೆಯುತ್ತವೆ.

ಗೋಡೆಗೆ ಅಳವಡಿಸುವ ಎ.ಸಿ. ಚಾರ್ಜರ್: ಏಕಫೇಸ್ ಸಂಪರ್ಕದಲ್ಲಿ 7.4 ಕಿಲೋವ್ಯಾಟ್‌ವರೆಗೆ, ತ್ರಿಫೇಸ್ ಸಂಪರ್ಕದಲ್ಲಿ 11 ಅಥವಾ 22 ಕಿಲೋವ್ಯಾಟ್‌ವರೆಗೆ ವಿದ್ಯುತ್ ನೀಡುವ ಚಾರ್ಜರುಗಳಿವೆ. ಭಾರತದ ಕಾರುಗಳಲ್ಲಿ ಇವುಗಳಿಗೆ ಟೈಪ್ 2 ಎಂಬ ಜೋಡಣೆ ಬಳಕೆಯಲ್ಲಿದೆ. ಎ.ಸಿ. ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿ.ಸಿ.ಗೆ ಪರಿವರ್ತಿಸುವ ಉಪಕರಣ ಕಾರಿನೊಳಗೇ ಇರುತ್ತದೆ. ಹೀಗಾಗಿ ಗೋಡೆಯ ಚಾರ್ಜರ್ ಎಷ್ಟೇ ದೊಡ್ಡದಾಗಿದ್ದರೂ ಕಾರಿನ ಉಪಕರಣದ ಮಿತಿಯನ್ನು ಮೀರಿ ವಿದ್ಯುತ್ ತುಂಬುವುದಿಲ್ಲ.

ಡಿ.ಸಿ. ವೇಗದ ಚಾರ್ಜರ್: ಇದು ಪರಿವರ್ತಿತ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಕೊಡುತ್ತದೆ. ಭಾರತದ ಕಾರುಗಳಲ್ಲಿ ಸಿ.ಸಿ.ಎಸ್. 2 ಎಂಬ ಜೋಡಣೆ ಹೆಚ್ಚು ಪ್ರಚಲಿತ. ಸುಮಾರು ಒಂದು ಗಂಟೆಯಲ್ಲಿ ಬ್ಯಾಟರಿಯ ಬಹುಭಾಗ ತುಂಬುತ್ತದೆ. ಹೆಚ್ಚಿನ ವೆಚ್ಚ ಮತ್ತು ದೊಡ್ಡ ವಿದ್ಯುತ್ ಸಂಪರ್ಕ ಬೇಕಾಗುವುದರಿಂದ ಇದು ಹೆದ್ದಾರಿಗೆ ತಕ್ಕುದೇ ಹೊರತು ಸಣ್ಣ ತಂಗುದಾಣಕ್ಕೆ ಅನಿವಾರ್ಯವಲ್ಲ.

ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಂತಹ ಲಘು ವಾಹನಗಳಿಗಾಗಿ ಸ್ವದೇಶದಲ್ಲೇ ರೂಪಿಸಿದ ಸಂಯುಕ್ತ ಜೋಡಣೆಯೊಂದಕ್ಕೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಅನುಮೋದನೆ ನೀಡಿತು. ಬೆಂಗಳೂರಿನ ಏಥರ್ ಎನರ್ಜಿ ಸಂಸ್ಥೆ ಅಭಿವೃದ್ಧಿಪಡಿಸಿದ ಜೋಡಣೆಯೇ ಇದಕ್ಕೆ ಆಧಾರ.

ಸಮಯ ಮತ್ತು ವಿದ್ಯುತ್ತಿನ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್ ಗಂಟೆಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋವ್ಯಾಟ್ ಗಂಟೆಯೆಂದರೆ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ಸಣ್ಣ ಕಾರು ಒಂದು ಯೂನಿಟ್‌ಗೆ ಸುಮಾರು 6ರಿಂದ 8 ಕಿ.ಮೀ. ಓಡುತ್ತದೆ. ಹವಾನಿಯಂತ್ರಣ, ವೇಗ ಮತ್ತು ಏರು ರಸ್ತೆಗಳಿಂದ ಈ ಅಂತರ ಕಡಿಮೆಯಾಗಬಹುದು.

ಉದಾಹರಣೆಗೆ, 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯುಳ್ಳ ಕಾರು ಶೇಕಡ 20ರಷ್ಟು ಉಳಿಕೆಯೊಂದಿಗೆ ತಂಗುದಾಣಕ್ಕೆ ಬಂದಿದೆ ಎಂದುಕೊಳ್ಳೋಣ. ಅದನ್ನು ಶೇಕಡ 80ಕ್ಕೆ ತರಲು ಬ್ಯಾಟರಿಗೆ 18 ಯೂನಿಟ್ ಬೇಕು. ಪರಿವರ್ತನೆಯ ವೇಳೆ ಸ್ವಲ್ಪ ವಿದ್ಯುತ್ತು ಶಾಖವಾಗಿ ನಷ್ಟವಾಗುವುದರಿಂದ ಮೀಟರಿನಲ್ಲಿ ಸುಮಾರು 21 ಯೂನಿಟ್ ದಾಖಲಾಗುತ್ತದೆ. 2.3 ಕಿಲೋವ್ಯಾಟ್ ದರದಲ್ಲಿ ಇದಕ್ಕೆ ಸುಮಾರು 9 ಗಂಟೆ, 3.3 ಕಿಲೋವ್ಯಾಟ್ ದರದಲ್ಲಿ ಸುಮಾರು ಆರೂವರೆ ಗಂಟೆ ಹಿಡಿಯುತ್ತದೆ. ರಾತ್ರಿ 9ಕ್ಕೆ ಜೋಡಿಸಿದರೆ ಬೆಳಗಿನ 6ರೊಳಗೆ ಕೆಲಸ ಮುಗಿಯುತ್ತದೆ.

3.7 ಯೂನಿಟ್ ಬ್ಯಾಟರಿಯ ಸ್ಕೂಟರನ್ನು ಪೂರ್ತಿ ತುಂಬಿಸಲು ಮೀಟರಿನಲ್ಲಿ 4 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಸಾಕು. 750 ವ್ಯಾಟ್ ಚಾರ್ಜರಿನಿಂದ ಇದಕ್ಕೆ ಸುಮಾರು ಐದೂವರೆಯಿಂದ ಆರು ಗಂಟೆ ಬೇಕಾಗುತ್ತದೆ.

ದೇವಾಲಯ, ಕೋಟೆ, ಉದ್ಯಾನಗಳ ಬಳಿ ಪ್ರವಾಸಿ ವಾಹನ ನಿಲ್ಲುವುದು ಸಾಮಾನ್ಯವಾಗಿ ಒಂದೆರಡು ಗಂಟೆ. ಸಾಧಾರಣ ಸಾಕೆಟ್‌ನಿಂದ ಎರಡು ಗಂಟೆಯಲ್ಲಿ ಬ್ಯಾಟರಿ ಸೇರುವ ವಿದ್ಯುತ್ತು ಸುಮಾರು 4 ಯೂನಿಟ್. ಅಂದರೆ 25ರಿಂದ 30 ಕಿ.ಮೀ. ಓಟಕ್ಕಾಗುವಷ್ಟು. ಅದೇ ಸಾಕೆಟ್ ರಾತ್ರಿ ತಂಗುವ ಕಡೆ ಇದ್ದರೆ 100 ಕಿ.ಮೀ.ಗಿಂತ ಹೆಚ್ಚಿನ ಓಟಕ್ಕೆ ಸಾಲುವಷ್ಟು ವಿದ್ಯುತ್ತನ್ನು ತುಂಬುತ್ತದೆ. ನಿಧಾನ ಚಾರ್ಜಿಂಗ್ ನೋಡುವ ಸ್ಥಳಕ್ಕಿಂತ ಮಲಗುವ ಸ್ಥಳಕ್ಕೆ ಹೆಚ್ಚು ಹೊಂದುವುದು ಈ ಕಾರಣದಿಂದ.

ತಂಗುದಾಣದ ವಿದ್ಯುತ್ ಸಾಮರ್ಥ್ಯ

ಪ್ರತಿ ಕಟ್ಟಡಕ್ಕೂ ವಿದ್ಯುತ್ ಸರಬರಾಜು ಕಂಪನಿಯು ನಿರ್ದಿಷ್ಟ ಹೊರೆಯನ್ನು ಮಂಜೂರು ಮಾಡಿರುತ್ತದೆ. ಒಂದು ಕಾರು ಎಳೆಯುವ 3.3 ಕಿಲೋವ್ಯಾಟ್ ಒಂದು ದೊಡ್ಡ ಗೀಸರಿನ ಹೊರೆಗೆ ಸಮ ಅಥವಾ ಅದಕ್ಕಿಂತ ಹೆಚ್ಚು. ಆದರೆ ಗೀಸರ್ ಕಾಲು ಗಂಟೆ ಉರಿದು ಆರುತ್ತದೆ, ಕಾರು ರಾತ್ರಿಯಿಡೀ ಒಂದೇ ಸಮನೆ ವಿದ್ಯುತ್ತನ್ನು ಎಳೆಯುತ್ತದೆ. ಐದು ಕಾರುಗಳನ್ನು ಏಕಕಾಲಕ್ಕೆ ಜೋಡಿಸಿದರೆ ಹೊರೆ 16.5 ಕಿಲೋವ್ಯಾಟ್ ಆಗುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ 25 ಕೆ.ವಿ.ಎ. ಪರಿವರ್ತಕದ, ಅಂದರೆ ಜನರು ಟಿ.ಸಿ. ಎನ್ನುವ ಪೆಟ್ಟಿಗೆಯ, ಸಾಮರ್ಥ್ಯದಲ್ಲಿ ಇದು ಸುಮಾರು ಮೂರನೆಯ ಎರಡು ಭಾಗ. ಅದೇ ಪರಿವರ್ತಕವನ್ನು ಆಶ್ರಯಿಸಿದ ಮನೆಗಳ ದೀಪ ಮಂಕಾಗುವ, ಇಲ್ಲವೇ ಫ್ಯೂಸ್ ಹೋಗುವ ಸಂಭವವಿರುತ್ತದೆ. ಕಾರುಗಳನ್ನು ಸರದಿಯಂತೆ ಜೋಡಿಸುವುದು, ಸಂಜೆಯ ಹೆಚ್ಚಿನ ಬಳಕೆಯ ಹೊತ್ತು ಕಳೆದ ಮೇಲೆ ಆರಂಭಿಸುವುದು, ಚಾರ್ಜರಿನ ಪ್ರವಾಹವನ್ನು ತಗ್ಗಿಸುವುದು ಇದಕ್ಕೆ ಪರಿಹಾರಗಳು. ಅನೇಕ ವಾಹನಗಳಲ್ಲಿ ಆರಂಭದ ಸಮಯವನ್ನು ಮೊದಲೇ ನಿಗದಿಪಡಿಸಬಹುದು.

ತಂತಿಯ ದಪ್ಪವೂ ಮುಖ್ಯ. ಮೀಟರ್ ಫಲಕದಿಂದ 40 ಮೀಟರ್ ದೂರದ ವಾಹನ ನಿಲುಗಡೆಗೆ 2.5 ಚದರ ಮಿ.ಮೀ. ತಾಮ್ರದ ತಂತಿ ಎಳೆದು 15 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 9 ವೋಲ್ಟ್ ಕುಸಿಯುತ್ತದೆ. 130 ವ್ಯಾಟ್‌ಗೂ ಹೆಚ್ಚು ವಿದ್ಯುತ್ತು ತಂತಿಯಲ್ಲೇ ಶಾಖವಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಈ ಕುಸಿತ ಸುಮಾರು ಐದೂವರೆ ವೋಲ್ಟ್‌ಗೆ ಇಳಿಯುತ್ತದೆ. ದೂರ ಹೆಚ್ಚಿದಷ್ಟೂ ದಪ್ಪ ತಂತಿ ಬೇಕೆಂಬುದು ಸಾಮಾನ್ಯ ನಿಯಮ. ಚಾರ್ಜಿಂಗ್ ಸಾಕೆಟ್‌ಗೆ ಫಲಕದಿಂದ ಪ್ರತ್ಯೇಕ ತಂತಿ ಮತ್ತು ಪ್ರತ್ಯೇಕ ಎಂ.ಸಿ.ಬಿ. ಇರುವುದು ಒಳ್ಳೆಯದು, ಕೊಠಡಿಯ ಗೀಸರ್ ಅಥವಾ ಅಡುಗೆಮನೆಯ ಮಿಕ್ಸರ್ ಇರುವ ಸಾಲಿಗೆ ಅದನ್ನು ಸೇರಿಸಬಾರದು.

ವಿದ್ಯುತ್ ಹೋದಾಗ ಮನೆಗಳಲ್ಲಿ ಬಳಸುವ ಸಾಮಾನ್ಯ ಇನ್ವರ್ಟರ್ ಕಾರಿನ ಹೊರೆಯನ್ನು ಹೊರಲಾರದು. ಸಣ್ಣ ಜನರೇಟರುಗಳಲ್ಲಿ ತಟಸ್ಥ ತಂತಿಗೆ ಭೂಸಂಪರ್ಕ ಇಲ್ಲದಿದ್ದರೆ ವಾಹನದ ಚಾರ್ಜರ್ ದೋಷವೆಂದು ಗ್ರಹಿಸಿ ಚಾರ್ಜ್ ಮಾಡಲು ನಿರಾಕರಿಸಬಹುದು.

ಸುರಕ್ಷತೆ

ಅರ್ಥಿಂಗ್: ಸಾಕೆಟ್‌ನ ಮೂರನೆಯ, ದೊಡ್ಡ ರಂಧ್ರವು ಭೂಮಿಗೆ ಜೋಡಿಸಿದ ತಂತಿಗೆ ಸೇರಿರಬೇಕು. ಹಳೆಯ ಕಟ್ಟಡಗಳಲ್ಲಿ ರಂಧ್ರವಿದ್ದರೂ ತಂತಿ ಇಲ್ಲದಿರುವುದು, ತಂತಿಯಿದ್ದರೂ ಅರ್ಥಿಂಗ್ ಗುಂಡಿ ಒಣಗಿರುವುದು ಅಪರೂಪವಲ್ಲ. ಅರ್ಥಿಂಗ್ ಇಲ್ಲವೆಂದು ಚಾರ್ಜರ್ ಕೆಂಪು ದೀಪ ತೋರಿದಾಗ ಸಾಕೆಟ್‌ನ ಅರ್ಥ್ ಮತ್ತು ನ್ಯೂಟ್ರಲ್ ಬಿಂದುಗಳನ್ನು ತುಂಡು ತಂತಿಯಿಂದ ಜೋಡಿಸಿ ಚಾರ್ಜರನ್ನು ಮರುಳುಮಾಡುವ ಪದ್ಧತಿ ಅತ್ಯಂತ ಅಪಾಯಕಾರಿ. ಎಲ್ಲಿಯಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಲೋಹದ ಮೈಗೆ ವಿದ್ಯುತ್ ಹರಿದು, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರ ಪ್ರಾಣಕ್ಕೆ ಎರವಾಗಬಹುದು. ಇಂತಹ ಸಂದರ್ಭದಲ್ಲಿ ಬೇರೆ ಸಾಕೆಟ್ ಹುಡುಕುವುದು ಅಥವಾ ಚಾರ್ಜಿಂಗ್ ಕೈಬಿಡುವುದೇ ಸರಿಯಾದ ಕ್ರಮ.

ಸೋರಿಕೆ ರಕ್ಷಕ: ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ವಿದ್ಯುತ್ ವಾಹನಗಳಿಗೆ ನೀಡುವ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಮೀರದ ಸೋರಿಕೆಯಲ್ಲೇ ವಿದ್ಯುತ್ ಕಡಿತಗೊಳಿಸುವ ರಕ್ಷಕ ಸಾಧನ ಇರಬೇಕು. ಎಂ.ಸಿ.ಬಿ. ತಂತಿಯನ್ನು ಮಾತ್ರ ಕಾಯುತ್ತದೆ. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಎನ್ನುವ ಈ ಸಾಧನ. ಆದ್ದರಿಂದ ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಸಾಕೆಟ್‌ನ ಸ್ಥಾನ: ಅದೇ ನಿಯಮಗಳು ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕೆಂದೂ, ನಿಲ್ಲಿಸಿದ ವಾಹನದ ಜೋಡಣೆಯ ಬಿಂದು ಚಾರ್ಜಿಂಗ್ ಬಿಂದುವಿನಿಂದ 5 ಮೀಟರ್ ಒಳಗಿರಬೇಕೆಂದೂ ಸೂಚಿಸುತ್ತವೆ. ಮಳೆನೀರು ನಿಲ್ಲುವ ಅಂಗಳಗಳಲ್ಲಿ ಈ ಎತ್ತರದ ನಿಯಮ ಬಹಳ ಉಪಯುಕ್ತ.

ವಿಸ್ತರಣಾ ತಂತಿ: ವಾಹನ ಮತ್ತು ಚಾರ್ಜಿಂಗ್ ಉಪಕರಣದ ನಡುವೆ ಎಕ್ಸ್‌ಟೆನ್ಷನ್ ತಂತಿ ಬಳಸುವುದನ್ನು ನಿಯಮಗಳು ನಿಷೇಧಿಸುತ್ತವೆ. ಮದುವೆ ಮಂಟಪದ ದೀಪಗಳಿಗೆ ಬಳಸುವ ತೆಳು ತಂತಿಯ ಸುರುಳಿಯನ್ನು ಸಾಕೆಟ್‌ಗೆ ಸಿಕ್ಕಿಸಿ ಅದರಿಂದ ಚಾರ್ಜರ್ ನಡೆಸುವುದೂ ಅಷ್ಟೇ ಅಪಾಯಕರ. ಸುರುಳಿ ಬಿಚ್ಚದ ತಂತಿಯಲ್ಲಿ ಶಾಖ ಹೊರಹೋಗದೆ ಹೊದಿಕೆ ಕರಗಿ ಬೆಂಕಿ ತಗಲಬಹುದು. ಸಡಿಲವಾದ ಸಾಕೆಟ್ ಇನ್ನೊಂದು ಅಪಾಯ. ಚಾರ್ಜಿಂಗ್ ಆರಂಭವಾಗಿ ಅರ್ಧ ಗಂಟೆಯ ಬಳಿಕ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಅದು ಸಹಜ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಸ್ವಿಚ್ ಆರಿಸಿ ಚಾರ್ಜಿಂಗ್ ನಿಲ್ಲಿಸಬೇಕು.

ಮಳೆ ಮತ್ತು ಗುಡುಗು: ವಾಹನದ ಕಡೆಯ ಜೋಡಣೆ ಮಳೆಯನ್ನು ತಡೆಯುವಂತೆ ರೂಪಿತವಾಗಿರುತ್ತದೆ. ಆದರೆ ಗೋಡೆಯ ಸಾಧಾರಣ ಸಾಕೆಟ್‌ಗೆ ಆ ರಕ್ಷಣೆ ಇರುವುದಿಲ್ಲ. ಅದು ಮಾಡಿನ ಕೆಳಗೆ, ಮುಚ್ಚಳವುಳ್ಳ ಪೆಟ್ಟಿಗೆಯಲ್ಲಿರಬೇಕು. ಡೇರೆ ಹಾಕಿದ ಶಿಬಿರಗಳಲ್ಲಿ ತಂತಿಗಳು ಕಾಲುದಾರಿಗೆ ಅಡ್ಡ ಬರಬಾರದು. ಸಿಡಿಲಿನ ಹೊತ್ತಿನಲ್ಲಿ ಚಾರ್ಜಿಂಗ್ ನಿಲ್ಲಿಸುವುದು ಕ್ಷೇಮ.

ಕಾನೂನು ಮತ್ತು ದರ

ಭಾರತದಲ್ಲಿ ವಿದ್ಯುತ್ ಮಾರಾಟಕ್ಕೆ ಪರವಾನಗಿ ಬೇಕು. ಆದರೆ ವಾಹನ ಚಾರ್ಜಿಂಗ್ ಒಂದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ. ಅದಕ್ಕೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್ 13ರಂದು ಸ್ಪಷ್ಟಪಡಿಸಿತು. ವಸತಿಗೃಹಗಳೂ ಹೋಂಸ್ಟೇಗಳೂ ಅತಿಥಿಗಳಿಂದ ಚಾರ್ಜಿಂಗ್ ಶುಲ್ಕ ಪಡೆಯಲು ಈ ಸ್ಪಷ್ಟೀಕರಣ ದಾರಿ ಮಾಡಿಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಮಾರ್ಗಸೂಚಿ ಹೊರಬಂದಿತು. 2019, 2022 ಮತ್ತು 2024ರಲ್ಲಿ ಅದು ಪರಿಷ್ಕರಣಗೊಂಡಿತು. ಹೊಸ ಕಟ್ಟಡಗಳ ವಾಹನ ನಿಲುಗಡೆಯಲ್ಲಿ ಶೇಕಡ 20ರಷ್ಟು ಸ್ಥಳಕ್ಕೆ ಚಾರ್ಜಿಂಗ್ ಸೌಲಭ್ಯವಿರಬೇಕೆಂಬ ಅಂಶವನ್ನು 2019ರಲ್ಲಿ ಮಾದರಿ ಕಟ್ಟಡ ಉಪವಿಧಿಗಳಿಗೆ ಸೇರಿಸಲಾಯಿತು.

ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರವರ್ಗವಿದೆ. ಪ್ರತ್ಯೇಕ ಮೀಟರ್ ಪಡೆಯದೆ ಇರುವ ಸಂಪರ್ಕದಿಂದಲೇ ವಿದ್ಯುತ್ ಕೊಡುವ ಸಣ್ಣ ತಂಗುದಾಣಗಳು ಎರಡು ವಿಷಯಗಳಲ್ಲಿ ಎಚ್ಚರ ವಹಿಸಬೇಕಾಗುತ್ತದೆ.

ಮೊದಲನೆಯದು ಗೃಹಜ್ಯೋತಿ ಯೋಜನೆ. 2023ರಲ್ಲಿ ಜಾರಿಯಾದ ಈ ಯೋಜನೆಯಡಿ ಗೃಹಬಳಕೆಯ ಗ್ರಾಹಕರಿಗೆ ಅವರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ತಿಂಗಳಿಗೆ 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ ದೊರೆಯುತ್ತದೆ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ 170 ಯೂನಿಟ್ ಬಳಸುವ ಮನೆಯೊಂದರಲ್ಲಿ ಅತಿಥಿಗಳು ಎರಡು ರಾತ್ರಿ ತಲಾ 21 ಯೂನಿಟ್ ಪಡೆದರೆ ಒಟ್ಟು ಬಳಕೆ 212ಕ್ಕೆ ಏರುತ್ತದೆ. ಅತಿಥಿ ಬಳಸಿದ್ದು 42 ಯೂನಿಟ್ ಮಾತ್ರವಾದರೂ ಮನೆಯವರ ಮೇಲೆ ಬೀಳುವ ಹೊರೆ 212 ಯೂನಿಟ್‌ನದು. ಪ್ರವಾಸಿಗರಿಗೆ ಚಿಕ್ಕದಾಗಿ ತೋರುವ ಉಪಕಾರವು ಆತಿಥೇಯರಿಗೆ ದುಬಾರಿಯಾಗಬಹುದೆಂಬುದಕ್ಕೆ ಇದು ನಿದರ್ಶನ.

ಎರಡನೆಯದು ಕೃಷಿ ಪಂಪ್‌ಸೆಟ್ ಸಂಪರ್ಕ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಸರ್ಕಾರದ ಸಹಾಯಧನದಿಂದ ಉಚಿತ ವಿದ್ಯುತ್ ನೀಡಲಾಗುತ್ತದೆ. ತೋಟದ ಮನೆಗಳಲ್ಲಿ ತಂಗುವವರ ವಾಹನವನ್ನು ಈ ಸಂಪರ್ಕದಿಂದ ಚಾರ್ಜ್ ಮಾಡುವಂತಿಲ್ಲ. ಮಂಜೂರಾದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ವಿದ್ಯುತ್ ಬಳಸುವುದು ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ. ಅನ್ವಯವಾಗುವ ದರದ ಎರಡರಷ್ಟನ್ನು ವಸೂಲು ಮಾಡಲು ಅವಕಾಶವಿದೆ. ಪಂಪ್‌ಸೆಟ್ ಮಾರ್ಗದಲ್ಲಿ ತ್ರಿಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ ಇರುವುದರಿಂದ ಅದು ಪ್ರಾಯೋಗಿಕವೂ ಅಲ್ಲ. ತೋಟದ ಮನೆಗೆ ಪ್ರತ್ಯೇಕ ಗೃಹಬಳಕೆ ಅಥವಾ ವಾಣಿಜ್ಯ ಸಂಪರ್ಕ ಪಡೆದಿರಬೇಕು.

ಕರ್ನಾಟಕದಲ್ಲಿ

2017ರಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹ ನೀತಿಯನ್ನು ಪ್ರಕಟಿಸುವ ಮೂಲಕ ಕರ್ನಾಟಕವು ಇಂತಹ ನೀತಿ ತಂದ ದೇಶದ ಮೊದಲ ರಾಜ್ಯವಾಯಿತು. ಚಾರ್ಜಿಂಗ್ ವ್ಯವಸ್ಥೆಗೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ) ರಾಜ್ಯದ ನೋಡಲ್ ಸಂಸ್ಥೆ. 2025ರಲ್ಲಿ ರಾಜ್ಯವು 2025-30ರ ಅವಧಿಯ ಶುದ್ಧ ಸಂಚಾರ ನೀತಿಯನ್ನು ಪ್ರಕಟಿಸಿತು.

2025ರಲ್ಲಿ ಪ್ರಕಟವಾದ ಅಂಕಿಅಂಶಗಳ ಪ್ರಕಾರ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದು, ದೇಶದಲ್ಲೇ ಅದು ಅತಿ ಹೆಚ್ಚು. ಆದರೆ ಅವುಗಳಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ಉಳಿದ ಕಾಲು ಭಾಗವನ್ನು ಇತರ ಎಲ್ಲ ಜಿಲ್ಲೆಗಳೂ ಹಂಚಿಕೊಂಡಿವೆ. ಈ ಅಸಮತೋಲನದಿಂದಾಗಿ ರಾಜಧಾನಿಯಿಂದ ದೂರದ ತಾಲ್ಲೂಕುಗಳಿಗೆ ಹೋಗುವ ಪ್ರವಾಸಿಗರಿಗೆ ತಂಗುದಾಣದ ಸಾಕೆಟ್ ಹೆಚ್ಚು ನೆರವಾಗುತ್ತದೆ. ಸಾರ್ವಜನಿಕ ಕೇಂದ್ರಗಳನ್ನು ಹುಡುಕಲು ಇಂಧನ ದಕ್ಷತಾ ಬ್ಯೂರೋದ ‘ಇ.ವಿ. ಯಾತ್ರಾ’, ಬೆಸ್ಕಾಂನ ‘ಇ.ವಿ. ಮಿತ್ರ’ ಮುಂತಾದ ಮೊಬೈಲ್ ಆ್ಯಪ್‌ಗಳು ಬಳಕೆಯಲ್ಲಿವೆ.

ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ) ವಿದ್ಯುತ್ ಪೂರೈಸುತ್ತದೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಜಿಲ್ಲೆಯನ್ನು ಹಾದುಹೋಗುತ್ತದೆ.

2022ರ ಕೇಂದ್ರ ಮಾರ್ಗಸೂಚಿಯಂತೆ ಹೆದ್ದಾರಿಗಳ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಕೇಂದ್ರವಿರಬೇಕಿತ್ತು. ನಾಲ್ಕು ತಾಲ್ಲೂಕು ಕೇಂದ್ರಗಳ ಪೈಕಿ ಹೆದ್ದಾರಿ 48ರ ಮೇಲಿರುವುದು ಶಿಗ್ಗಾವಿ ಮಾತ್ರ. ಸವಣೂರು, ಹಾನಗಲ್ ಮತ್ತು ಹಿರೇಕೆರೂರು ಪಟ್ಟಣಗಳು ಅದರಿಂದ ಒಳಗಿವೆ. ಹೆದ್ದಾರಿಯ ವೇಗದ ಚಾರ್ಜರ್ ಬಳಸಬೇಕಾದರೆ ಈ ಊರುಗಳಲ್ಲಿ ತಂಗಿದವರು ಹೋಗಿ ಬರುವ ದಾರಿಗೇ ಬ್ಯಾಟರಿಯ ಒಂದು ಪಾಲನ್ನು ವ್ಯಯಿಸಬೇಕಾಗುತ್ತದೆ.

ಪ್ರವಾಸಿಗರನ್ನು ಸೆಳೆಯುವ ತಾಣಗಳು ನಾಲ್ಕೂ ತಾಲ್ಲೂಕುಗಳಲ್ಲಿ ಹರಡಿವೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಜನ್ಮಸ್ಥಳವಾದ ಬಾಡ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮತ್ತು ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಬಂಕಾಪುರದ ಕೋಟೆ, ನಗರೇಶ್ವರ ದೇವಾಲಯ ಹಾಗೂ ನವಿಲುಧಾಮ ಇವೆ. ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯಲಾಗುವ ಮೂರು ಬೃಹತ್ ಬಾವೊಬಾಬ್ ಮರಗಳೂ ಸತ್ಯಬೋಧ ಸ್ವಾಮಿಗಳ ಮಠವೂ ಇವೆ. ಹಾನಗಲ್ಲಿನ ತಾರಕೇಶ್ವರ ದೇವಾಲಯ ಚಾಲುಕ್ಯ ಶೈಲಿಯ ಪ್ರಸಿದ್ಧ ರಚನೆ. ಹಿರೇಕೆರೂರು ಪ್ರದೇಶವು ದುರ್ಗಾದೇವಿ ದೇವಾಲಯ, ದೊಡ್ಡ ಕೆರೆ ಮತ್ತು ಶರಣ ಪರಂಪರೆಯ ಅಬಲೂರಿನಿಂದ ಹೆಸರಾಗಿದೆ.

ಹುಬ್ಬಳ್ಳಿಯಿಂದ ಹೊರಟು ಈ ನಾಲ್ಕೂ ಊರುಗಳನ್ನು ಸುತ್ತುವ ಪ್ರವಾಸವು ಒಳದಾರಿಗಳನ್ನು ಅವಲಂಬಿಸಿ 150ರಿಂದ 200 ಕಿ.ಮೀ. ಆಗುತ್ತದೆ, ಹಿಂದಿರುಗುವ ದಾರಿ ಬೇರೆ. 30 ಯೂನಿಟ್ ಬ್ಯಾಟರಿಯ ಕಾರು ಒಂದೇ ಚಾರ್ಜಿನಲ್ಲಿ ಇದನ್ನು ಪೂರೈಸಲು ಹೆಣಗುತ್ತದೆ. ನಡುವೆ ಹಾನಗಲ್ಲಿನಲ್ಲೋ ಶಿಗ್ಗಾವಿಯಲ್ಲೋ ಒಂದು ರಾತ್ರಿ ತಂಗಿ ಚಾರ್ಜ್ ಮಾಡಿಕೊಂಡರೆ ಮಾರನೆಯ ದಿನ ಹಿರೇಕೆರೂರನ್ನು ನೋಡಿ ಹುಬ್ಬಳ್ಳಿಯ ದಾರಿ ಹಿಡಿಯಲು ತೊಂದರೆಯಾಗುವುದಿಲ್ಲ.

ಮಲೆನಾಡಿನ ಸೆರಗಿಗೆ ಹೊಂದಿಕೊಂಡ ಹಾನಗಲ್ ತಾಲ್ಲೂಕಿನಲ್ಲಿ ಮುಂಗಾರಿನ ಮಳೆ ಪೂರ್ವದ ಸವಣೂರಿಗಿಂತ ಹೆಚ್ಚು. ಗಾಳಿಮಳೆಗೆ ಮರದ ಕೊಂಬೆ ಬಿದ್ದು ವಿದ್ಯುತ್ ಕಡಿತವಾಗುವುದು ಇಂತಹ ಪ್ರದೇಶಗಳಲ್ಲಿ ಸಾಮಾನ್ಯ. ಆದ್ದರಿಂದ ಮಳೆಗಾಲದಲ್ಲಿ ಬರುವವರು ಹತ್ತಿರದ ಹೆದ್ದಾರಿ ಕೇಂದ್ರವನ್ನು ತಲುಪುವಷ್ಟು ಉಳಿಕೆಯನ್ನು ಬ್ಯಾಟರಿಯಲ್ಲಿ ಇಟ್ಟುಕೊಂಡೇ ತಂಗುದಾಣ ಸೇರುವುದು ವಿವೇಕ. ಹೊಸದಾಗಿ ಸಾಕೆಟ್ ಹಾಕಿಸುವ ಮಾಲೀಕರು ಹೊರೆ ಹೆಚ್ಚಳ ಮತ್ತು ದರವರ್ಗದ ವಿಚಾರವನ್ನು ಹೆಸ್ಕಾಂನ ಸ್ಥಳೀಯ ಉಪವಿಭಾಗ ಕಚೇರಿಯಲ್ಲಿ ಇತ್ಯರ್ಥಪಡಿಸಿಕೊಳ್ಳಬೇಕು.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಶಿಬಿರತಾಣಗಳಲ್ಲಿ ಮನೆಯಂತೆ ವಾಸಿಸಬಹುದಾದ ದೊಡ್ಡ ವಾಹನಗಳಿಗಾಗಿ ಪ್ರತಿ ನಿವೇಶನದಲ್ಲೂ ವಿದ್ಯುತ್ ಕಂಬ ನೆಡುವ ಪದ್ಧತಿ ಮೊದಲಿನಿಂದಲೂ ಇದೆ. ಅಲ್ಲಿ 120 ವೋಲ್ಟ್‌ನ 30 ಆಂಪಿಯರ್ ಮತ್ತು 240 ವೋಲ್ಟ್‌ನ 50 ಆಂಪಿಯರ್ ಸಾಕೆಟ್‌ಗಳು ಸಾಮಾನ್ಯ. ದೀರ್ಘಕಾಲದ ಹೊರೆಯನ್ನು ಸಾಮರ್ಥ್ಯದ ಶೇಕಡ 80ಕ್ಕೆ ಮಿತಿಗೊಳಿಸಬೇಕೆಂಬ ನಿಯಮದಂತೆ ಇವುಗಳಿಂದ ಕ್ರಮವಾಗಿ ಸುಮಾರು 2.9 ಮತ್ತು 9.6 ಕಿಲೋವ್ಯಾಟ್ ಪಡೆಯಬಹುದು. ಯುರೋಪಿನ ಶಿಬಿರತಾಣಗಳಲ್ಲಿ 230 ವೋಲ್ಟ್‌ನ, ನೀಲಿ ಬಣ್ಣದ ಮೂರು ಪಿನ್ನಿನ 16 ಆಂಪಿಯರ್ ಜೋಡಣೆ ಬಳಕೆಯಲ್ಲಿದೆ. ಹಲವು ಕಡೆ ಪ್ರತಿ ನಿವೇಶನದ ಮಿತಿ ಅದಕ್ಕಿಂತಲೂ ಕಡಿಮೆ ಇರುವುದರಿಂದ ಚಾರ್ಜರನ್ನು ತಗ್ಗಿಸಿ ಬಳಸಬೇಕಾಗುತ್ತದೆ. ಕೆಲವು ತಾಣಗಳು ನಿವೇಶನದ ಸಾಕೆಟ್‌ನಿಂದ ಕಾರು ಚಾರ್ಜ್ ಮಾಡುವುದನ್ನು ನಿಷೇಧಿಸಿ ಪ್ರತ್ಯೇಕ ಚಾರ್ಜಿಂಗ್ ಸ್ಥಳ ಒದಗಿಸುತ್ತವೆ. ಡೇರೆಯ ದೀಪ, ಒಲೆ, ಹೀಟರುಗಳಿಗೆಂದು ಹಾಕಿದ ತಂತಿಗಳು ಎಲ್ಲ ಕಾರುಗಳ ಹೊರೆಯನ್ನು ಒಟ್ಟಿಗೆ ತಾಳಲಾರವು ಎಂಬುದೇ ಇದಕ್ಕೆ ಕಾರಣ.

ಶುಲ್ಕ ಮತ್ತು ರೂಢಿಗಳು

ತಂಗುದಾಣಗಳಲ್ಲಿ ಶುಲ್ಕ ಪಡೆಯುವ ಮೂರು ಕ್ರಮಗಳಿವೆ: ಕೊಠಡಿ ಬಾಡಿಗೆಯಲ್ಲೇ ಸೇರಿಸುವುದು, ರಾತ್ರಿಗೆ ಇಂತಿಷ್ಟೆಂದು ಗೊತ್ತುಮಾಡುವುದು ಮತ್ತು ಉಪಮೀಟರ್ ನೋಡಿ ಯೂನಿಟ್ ಲೆಕ್ಕದಲ್ಲಿ ಪಡೆಯುವುದು. ಸ್ಕೂಟರಿನವರು 4 ಯೂನಿಟ್, ಕಾರಿನವರು 20 ಯೂನಿಟ್‌ಗೂ ಹೆಚ್ಚು ಬಳಸುವುದರಿಂದ ಉಪಮೀಟರಿನ ಕ್ರಮ ಎರಡೂ ಪಕ್ಷಕ್ಕೆ ನ್ಯಾಯವಾದುದು.

ಪ್ರವಾಸಿಗರು ಪಾಲಿಸಬೇಕಾದ ಕೆಲವು ರೂಢಿಗಳು ಹೀಗಿವೆ:

• ಕೊಠಡಿ ಕಾಯ್ದಿರಿಸುವಾಗಲೇ ದೂರವಾಣಿಯಲ್ಲಿ 16 ಆಂಪಿಯರ್ ಸಾಕೆಟ್, ಅರ್ಥಿಂಗ್ ಮತ್ತು ವಾಹನ ನಿಲುಗಡೆಯಿಂದ ಅದರ ದೂರವನ್ನು ವಿಚಾರಿಸುವುದು.

• ಮಾಲೀಕರ ಅನುಮತಿಯಿಲ್ಲದೆ ಯಾವ ಸಾಕೆಟ್‌ಗೂ ಜೋಡಿಸದಿರುವುದು.

• ಚಾರ್ಜ್ ಮುಗಿದ ಮೇಲೆ ವಾಹನ ಸರಿಸಿ ಮತ್ತೊಬ್ಬರಿಗೆ ಸ್ಥಳ ಬಿಡುವುದು; ಇತರರ ವಾಹನದ ಪ್ಲಗ್ ಕೀಳದಿರುವುದು.

• ಬಳಸಿದ ಯೂನಿಟ್‌ಗಳ ಹಣವನ್ನು ಕೇಳುವ ಮೊದಲೇ ಕೊಡುವುದು.

ಮಿತಿಗಳು

ರಾತ್ರಿ ಚಾರ್ಜಿಂಗ್ ಎಲ್ಲ ಸಂದರ್ಭಗಳಿಗೂ ಹೊಂದುವುದಿಲ್ಲ. ದೊಡ್ಡ ಬ್ಯಾಟರಿಯ ಕಾರುಗಳನ್ನು ಸಾಧಾರಣ ಸಾಕೆಟ್ ಒಂದೇ ರಾತ್ರಿಯಲ್ಲಿ ತುಂಬಲಾರದು: 50 ಯೂನಿಟ್ ಬ್ಯಾಟರಿಗೆ 2.3 ಕಿಲೋವ್ಯಾಟ್ ದರದಲ್ಲಿ ಒಂದು ದಿನದಷ್ಟು ಸಮಯ ಬೇಕು. ರಾತ್ರಿಯ ವೋಲ್ಟೇಜ್ 190ಕ್ಕೆ ಇಳಿದರೆ 10 ಆಂಪಿಯರ್‌ನಲ್ಲಿ ದೊರೆಯುವುದು 1.9 ಕಿಲೋವ್ಯಾಟ್ ಮಾತ್ರ. ಸಾವಿರಾರು ಜನ ಸೇರುವ ಜಾತ್ರೆ, ಸಮಾವೇಶಗಳಲ್ಲಿ ಹಂಚಿಕೊಳ್ಳುವಷ್ಟು ಸಾಕೆಟ್‌ಗಳು ಇರುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಹೆದ್ದಾರಿಯ ವೇಗದ ಕೇಂದ್ರಗಳು ಅನಿವಾರ್ಯ. ಸಣ್ಣ ಮತ್ತು ಮಧ್ಯಮ ಗಾತ್ರದ ಬ್ಯಾಟರಿಯ ವಾಹನಗಳಿಗೆ, ಒಳನಾಡಿನ ತಾಲ್ಲೂಕುಗಳಲ್ಲಿ ಒಂದೆರಡು ರಾತ್ರಿ ತಂಗುವವರಿಗೆ, ಸರಿಯಾದ ಅರ್ಥಿಂಗ್, ಸೋರಿಕೆ ರಕ್ಷಕ ಮತ್ತು ಪ್ರತ್ಯೇಕ ತಂತಿಯುಳ್ಳ ಒಂದು ಸಾಕೆಟ್ ಸಾಕಾಗುತ್ತದೆ.